ಜನಸಂಖ್ಯೆ ಮತ್ತು ನಿವೇಶನದ ಬೆಲೆ: ತಲೆಗಳನ್ನಲ್ಲ, ಒಲೆಗಳನ್ನು ಎಣಿಸಬೇಕು

“ಸಾಹೇಬ್ರ, ಜನ ಹುಟ್ಟತಾರ, ಭೂಮಿ ಹುಟ್ಟಂಗಿಲ್ಲ.” ನಮ್ಮ ಭಾಗದ ಯಾವುದೇ ಅಡತ್ ಅಂಗಡಿಯಲ್ಲಿ ಕುಳಿತು ಹಣ ಹೂಡುವ ವಿಷಯ ಎತ್ತಿದರೆ ಹತ್ತು ನಿಮಿಷದೊಳಗೆ ಈ ಮಾತು ಕೇಳಿಬರುತ್ತದೆ. ಜಗತ್ತಿನ ಜನಸಂಖ್ಯೆ ಏರುತ್ತಿದೆ, ಭೂಮಿ ಇದ್ದಷ್ಟೇ ಇದೆ, ಆದ್ದರಿಂದ ಪ್ಲಾಟಿನ ಬೆಲೆ ಏರಲೇಬೇಕು ಎಂಬುದು ಇದರ ತರ್ಕ. ಕೇಳುವುದಕ್ಕೆ ನಿರ್ವಿವಾದವೆನಿಸುವ ಈ ತರ್ಕವನ್ನು ಲೆಕ್ಕಪರಿಶೋಧಕನಾದ ನಾನೂ ಅನೇಕ ವರ್ಷ ಪ್ರಶ್ನಿಸದೆ ಒಪ್ಪಿಕೊಂಡಿದ್ದೆ. ಅದರಿಂದ ಒಬ್ಬ ವ್ಯಾಪಾರಿಗೆ ಆದ ನಷ್ಟವನ್ನು ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಇಲ್ಲಿ ವಿವರಿಸುತ್ತಿದ್ದೇನೆ.

ಇವರು ಮೂಲತಃ ಇಂಗಳೇಶ್ವರದವರು. ಬಸವಣ್ಣನವರ ತಾಯಿ ಮಾದಲಾಂಬಿಕೆಯವರ ತವರೂರೆಂದೂ, ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿರುವ ವಚನ ಶಿಲಾ ಮಂಟಪದ ಊರೆಂದೂ ವಾಚಕರಿಗೆ ಅದರ ಪರಿಚಯವಿದ್ದೇ ಇದೆ. ಇವರದು ತೊಗರಿ ಖರೀದಿಸಿ ಬೇಳೆ ಮಾಡಿ ಮಾರುವ ವ್ಯಾಪಾರ. 2013ರಲ್ಲಿ ಇವರು ತಾಲ್ಲೂಕು ಕೇಂದ್ರದ ಹೊರವಲಯದಲ್ಲಿ ತಲಾ 6 ಲಕ್ಷ ರೂಪಾಯಿಯಂತೆ ನಾಲ್ಕು ಎನ್.ಎ. ಪ್ಲಾಟುಗಳನ್ನು ಕೊಂಡರು. 24 ಲಕ್ಷ ರೂಪಾಯಿಯೂ ವ್ಯಾಪಾರಕ್ಕೆಂದು ಮಂಜೂರಾಗಿದ್ದ ಕ್ಯಾಶ್ ಕ್ರೆಡಿಟ್ ಸಾಲದಿಂದಲೇ ಹೋಯಿತು. ಆಗ ನಾನು ಅಡ್ಡಿ ಹೇಳಲಿಲ್ಲ.

2023ರ ಕೊನೆಯಲ್ಲಿ ಆ ಪ್ಲಾಟುಗಳು ತಲಾ 9 ಲಕ್ಷದಂತೆ 36 ಲಕ್ಷಕ್ಕೆ ಮಾರಾಟವಾದವು. 12 ಲಕ್ಷ ಲಾಭವಾಯಿತೆಂದು ಊರವರು ಅಭಿನಂದಿಸಿದರು. ಆದರೆ ಶೇ. 11ರ ಬಡ್ಡಿಯಂತೆ ವರ್ಷಕ್ಕೆ 2.64 ಲಕ್ಷ, ಹತ್ತು ವರ್ಷಕ್ಕೆ 26.40 ಲಕ್ಷ ರೂಪಾಯಿ ಸಂದಿತ್ತು. ಖರೀದಿಯ ವೇಳೆಯ ಮುದ್ರಾಂಕ ಶುಲ್ಕ ಮತ್ತು ನೋಂದಣಿ ವೆಚ್ಚ ಸುಮಾರು 1.60 ಲಕ್ಷ. ಒಟ್ಟು ವೆಚ್ಚ 52 ಲಕ್ಷ, ಬಂದದ್ದು 36 ಲಕ್ಷ, ನಿಜವಾದ ನಷ್ಟ 16 ಲಕ್ಷ. ಸುಗ್ಗಿಯಲ್ಲಿ ತೊಗರಿ ಅಗ್ಗವಾಗಿ ಸಿಗುತ್ತಿದ್ದಾಗ ಸಾಲದ ಮಿತಿ ಖಾಲಿಯಾಗಿ ಖರೀದಿಸಲಾಗದೆ ಹೋದ ವರ್ಷಗಳ ಹಾನಿಯನ್ನು ನಾನು ಇದರಲ್ಲಿ ಸೇರಿಸಿಲ್ಲ. ಲೆಕ್ಕವನ್ನು ಅವರ ಮುಂದಿಟ್ಟಾಗ ಅವರು ಆಡಿದ ಮಾತು ಇಷ್ಟೇ: “ಭೂಮಿ ಹುಟ್ಟಲಿಲ್ಲ ಖರೆ, ಬಡ್ಡಿ ಮಾತ್ರ ದಿನಾ ಹುಟ್ಟಿತು.”

ಹಾಗಾದರೆ ನಮ್ಮ ತರ್ಕದಲ್ಲಿ ತಪ್ಪಿದ್ದು ಎಲ್ಲಿ?

ತಲೆಗಳ ಲೆಕ್ಕ ಮತ್ತು ಒಲೆಗಳ ಲೆಕ್ಕ

ಮನೆಗೆ ಬೇಡಿಕೆ ಸಲ್ಲಿಸುವುದು ವ್ಯಕ್ತಿಯಲ್ಲ, ಕುಟುಂಬ. ಒಂದೇ ಅಡುಗೆ ಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆಂದು ನಮ್ಮ ಜನಗಣತಿ ಎಣಿಸುತ್ತದೆ. ಈ ಲೆಕ್ಕದಲ್ಲಿ ನೋಡಿದರೆ ಚಿತ್ರವೇ ಬೇರೆ. 2001ರಿಂದ 2011ರ ಅವಧಿಯಲ್ಲಿ ಭಾರತದ ಜನಸಂಖ್ಯೆ ಸುಮಾರು 102.87 ಕೋಟಿಯಿಂದ 121.09 ಕೋಟಿಗೆ, ಅಂದರೆ ಶೇ. 17.7ರಷ್ಟು ಏರಿತು. ಅದೇ ಅವಧಿಯಲ್ಲಿ ಕುಟುಂಬಗಳ ಸಂಖ್ಯೆ 19.20 ಕೋಟಿಯಿಂದ 24.67 ಕೋಟಿಗೆ, ಅಂದರೆ ಶೇ. 28ಕ್ಕೂ ಹೆಚ್ಚು ಏರಿತು. ಕರ್ನಾಟಕದಲ್ಲಿ ಜನ ಹೆಚ್ಚಿದ್ದು ಶೇ. 15.6, ಕುಟುಂಬಗಳು ಹೆಚ್ಚಿದ್ದು ಇಲ್ಲಿಯೂ ಶೇ. 28ಕ್ಕಿಂತ ಅಧಿಕ.

ನನ್ನ ಮಿತ್ರರ ಮನೆಯನ್ನೇ ನೋಡಿ. ಇಂಗಳೇಶ್ವರದ ಅವರ ತಂದೆಯ ಕಾಲದ ಮಾಳಿಗೆ ಮನೆಯಲ್ಲಿ ಹನ್ನೊಂದು ಜನರಿಗೆ ಒಂದೇ ಒಲೆಯಿತ್ತು. ಇಂದು ಅದೇ ವಂಶದ ಹದಿಮೂರು ಜನರಿಗೆ ನಾಲ್ಕು ಒಲೆಗಳಿವೆ. ತಲೆಗಳು ಎರಡು ಹೆಚ್ಚಿದವು, ಮನೆಗಳು ಮೂರು ಹೆಚ್ಚಿದವು. ಆ ದಶಕದಲ್ಲಿ ನಿವೇಶನಗಳಿಗೆ ಕಂಡುಬಂದ ನೂಕುನುಗ್ಗಲಿಗೆ ಅವಿಭಕ್ತ ಕುಟುಂಬಗಳು ಒಡೆದು ಬೇರೆಯಾದದ್ದೂ ಮುಖ್ಯ ಕಾರಣ. ಆದರೆ ಒಂದು ಕುಟುಂಬ ನಾಲ್ಕಾಗಿ ಒಡೆಯುವುದು ಒಂದು ತಲೆಮಾರಿನಲ್ಲಿ ಒಂದೇ ಸಲ. ಇಬ್ಬರು ಮಕ್ಕಳಿರುವ ಮನೆ ನಾಲ್ಕು ಪಾಲಾಗಲಾರದು.

ಇಪ್ಪತ್ತೈದು ವರ್ಷಗಳ ಅಂತರ

ಇಂದು ಹುಟ್ಟಿದ ಮಗು ಮನೆ ಕೇಳುವುದು ಸುಮಾರು ಇಪ್ಪತ್ತೈದು, ಮೂವತ್ತು ವರ್ಷಗಳ ನಂತರ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲದಲ್ಲಿ ಕರ್ನಾಟಕದ ತಾಯಿಯೊಬ್ಬಳಿಗೆ ಸರಾಸರಿ ಮೂರಕ್ಕೆ ಸಮೀಪದ ಸಂಖ್ಯೆಯಲ್ಲಿ ಮಕ್ಕಳಿದ್ದರು. ಆಗ ಹುಟ್ಟಿದವರೇ ಇಂದಿನ ಗ್ರಾಹಕರು. 2019-21ರ ಸಮೀಕ್ಷೆಯ ವೇಳೆಗೆ ಈ ಸರಾಸರಿ ರಾಜ್ಯದಲ್ಲಿ 1.7ಕ್ಕೂ ದೇಶದಲ್ಲಿ 2.0ಕ್ಕೂ ಇಳಿದಿದೆ. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ ಪ್ರಮಾಣ 2.1. ಆದ್ದರಿಂದ ಮುಂದಿನ ಹದಿನೈದು, ಇಪ್ಪತ್ತು ವರ್ಷ ಮನೆ ಕೇಳುವವರು ಇದ್ದೇ ಇರುತ್ತಾರೆ. ಆದರೆ 2045ರ ಸುಮಾರಿಗೆ ಮಾರುಕಟ್ಟೆಗೆ ಬರುವ ತಲೆಮಾರು ಚಿಕ್ಕದು. ಅವರಲ್ಲಿ ಅನೇಕರಿಗೆ ತಂದೆಯ ಮನೆಯೂ ಮಾವನ ಮನೆಯೂ ಬಳುವಳಿಯಾಗಿ ಬಂದಿರುತ್ತವೆ.

ಜಗತ್ತಿನ ದಾರಿಯೂ ಇದೇ. 2022ರ ನವೆಂಬರ್‌ನಲ್ಲಿ ವಿಶ್ವದ ಜನಸಂಖ್ಯೆ 800 ಕೋಟಿ ಮುಟ್ಟಿತು. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ 2080ರ ದಶಕದ ಮಧ್ಯದಲ್ಲಿ ಅದು ಸುಮಾರು 1,030 ಕೋಟಿಯ ಶಿಖರ ಮುಟ್ಟಿ ನಂತರ ಇಳಿಯಲಿದೆ. ಚೀನಾದ ಜನಸಂಖ್ಯೆ 2022ರಿಂದಲೇ ಇಳಿಮುಖವಾಗಿದೆ. ಜಪಾನಿನಲ್ಲಿ 2008ರ ಸುಮಾರಿಗೆ ಇಳಿತ ಆರಂಭವಾಯಿತು. 2023ರ ಅಲ್ಲಿನ ಸರ್ಕಾರಿ ಸಮೀಕ್ಷೆಯಲ್ಲಿ ಖಾಲಿ ಮನೆಗಳು ಸುಮಾರು 90 ಲಕ್ಷ, ಅಂದರೆ ಏಳು ಮನೆಗಳಲ್ಲಿ ಸುಮಾರು ಒಂದು. ಹಾಗೆಂದು ಟೋಕಿಯೋ ನಗರದ ಭೂಮಿ ಅಗ್ಗವಾಗಿಲ್ಲ. ಮೊದಲು ಬರಿದಾದದ್ದು ಗ್ರಾಮಾಂತರ ಮತ್ತು ಚಿಕ್ಕ ಪಟ್ಟಣಗಳು. ನಮ್ಮಂತಹ ತಾಲ್ಲೂಕುಗಳ ವ್ಯಾಪಾರಿಗಳು ಗಮನಿಸಬೇಕಾದ ಪಾಠ ಇದು.

ಹುಟ್ಟುವ ಊರು ಒಂದು, ಮನೆ ಕಟ್ಟುವ ಊರು ಇನ್ನೊಂದು

2001ರಿಂದ 2011ರವರೆಗೆ ನಮ್ಮ ಜಿಲ್ಲೆಯ ಜನಸಂಖ್ಯೆ 18.07 ಲಕ್ಷದಿಂದ 21.77 ಲಕ್ಷಕ್ಕೆ, ಸುಮಾರು ಶೇ. 20.5ರಷ್ಟು ಏರಿತು. ಇದು ರಾಜ್ಯದ ಸರಾಸರಿಗಿಂತ ಹೆಚ್ಚು. ಹೀಗಿದ್ದರೂ ಬಾಗೇವಾಡಿಯ ಪ್ಲಾಟುಗಳಿಗೆ ಗಿರಾಕಿ ಏಕೆ ಬರಲಿಲ್ಲ ಎಂದು ಕೇಳಬಹುದು. ಮನೆಗೆ ಬೇಡಿಕೆ ಹುಟ್ಟುವುದು ಮಗು ಜನಿಸಿದ ಊರಿನಲ್ಲಲ್ಲ, ಆ ಮಗು ಬೆಳೆದು ಸಂಬಳವನ್ನೋ ಲಾಭವನ್ನೋ ಪಡೆಯುವ ಊರಿನಲ್ಲಿ. ನಮ್ಮ ಹಳ್ಳಿಗಳಿಂದ ಕೂಲಿಕಾರರು ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗುತ್ತಾರೆ. ಓದಿದವರು ಬೆಂಗಳೂರು, ಪುಣೆಗಳನ್ನು ಸೇರುತ್ತಾರೆ. ನನ್ನ ಮಿತ್ರರು ಆ ನಾಲ್ಕು ಪ್ಲಾಟುಗಳಲ್ಲಿ ಎರಡನ್ನು ಮಗನ ಹೆಸರಿನಲ್ಲಿ ಮನೆ ಕಟ್ಟಿಸಲೆಂದೇ ಇಟ್ಟುಕೊಂಡಿದ್ದರು. ಮಗ ಬೆಂಗಳೂರಿನಲ್ಲಿ ನೌಕರಿ ಹಿಡಿದು ಅಲ್ಲಿಯೇ ಗೃಹಸಾಲ ತೆಗೆದುಕೊಂಡಾಗ, ತಮ್ಮ ಪ್ಲಾಟಿಗೆ ತಮ್ಮ ಮನೆಯಲ್ಲಿಯೇ ಗಿರಾಕಿಯಿಲ್ಲವೆಂಬುದು ಅವರಿಗೆ ಮನವರಿಕೆಯಾಯಿತು. ಅವರೊಂದಿಗೆ ಇಂಗಳೇಶ್ವರಕ್ಕೆ ಹೋದಾಗ ಅವರ ಓಣಿಯಲ್ಲಿ ಬೀಗ ಜಡಿದ ಬಾಗಿಲುಗಳನ್ನು ಅವರೇ ನನಗೆ ಎಣಿಸಿ ತೋರಿಸಿದರು.

ಒಂದೇ ಸಲದ ಬೇಡಿಕೆ

ಜನಸಂಖ್ಯೆಯ ಬೇಡಿಕೆಯನ್ನೂ ಯೋಜನೆಗಳಿಂದ ಒಮ್ಮೆಲೇ ಬರುವ ಬೇಡಿಕೆಯನ್ನೂ ಬೇರೆಯಾಗಿ ನೋಡಬೇಕು. ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಮೂರು ಘಟಕಗಳು 2017 ಮತ್ತು 2018ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇಂತಹ ಸ್ಥಾವರ ಕಟ್ಟುವಾಗ ಬೇಕಾಗುವ ಜನ ಅದನ್ನು ನಡೆಸಲು ಬೇಕಾಗುವುದಿಲ್ಲ. ಕಾಮಗಾರಿಯ ಕಾಲದ ಬಾಡಿಗೆಯನ್ನು ನೋಡಿ ಮೂವತ್ತು ವರ್ಷದ ಲೆಕ್ಕ ಹಾಕುವುದು ತಪ್ಪು.

ಈಗ ಆಲಮಟ್ಟಿಯ ಸರದಿ. ಅಣೆಕಟ್ಟೆಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕಾಗಿ, ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿರ್ಧರಿಸಿತು. ಈ ಹಣ ಕೈಸೇರಿದಂತೆ ಕೊಲ್ಹಾರ, ನಿಡಗುಂದಿ, ಬಾಗೇವಾಡಿಗಳ ಸುತ್ತ ಬೆಲೆ ಏರುವುದು ಸಹಜ. ಆದರೆ ಸಂತ್ರಸ್ತ ಕುಟುಂಬ ಮನೆ ಕಟ್ಟುವುದು ಒಂದೇ ಸಲ. ಆ ಬೆಲೆಯಲ್ಲಿ ಕೊಂಡವನಿಗೆ ಮುಂದಿನ ಗಿರಾಕಿ ಯಾರು ಎಂಬುದೇ ಪ್ರಶ್ನೆ.

ತೆರಿಗೆಯ ನಾಲ್ಕು ಮಾತು

1. ವ್ಯಾಪಾರದ ಸಾಲವನ್ನು ಸ್ವಂತ ನಿವೇಶನಕ್ಕೆ ತೊಡಗಿಸಿದರೆ ಆ ಮೊತ್ತದ ಬಡ್ಡಿಯನ್ನು ವ್ಯಾಪಾರದ ವೆಚ್ಚವೆಂದು ಕಳೆಯಲು ಬರುವುದಿಲ್ಲ. ಬ್ಯಾಂಕಿನ ದೃಷ್ಟಿಯಲ್ಲಿಯೂ ಅದು ಸಾಲದ ದುರುಪಯೋಗ.

2. 2024ರ ಜುಲೈ 23ರಿಂದ ದೀರ್ಘಾವಧಿ ಬಂಡವಾಳ ಲಾಭಕ್ಕೆ ಹಣದುಬ್ಬರ ಸೂಚ್ಯಂಕದ ಸೌಲಭ್ಯವಿಲ್ಲದೆ ಶೇ. 12.5 ತೆರಿಗೆ. ಅದಕ್ಕೆ ಮೊದಲು ಕೊಂಡ ಜಮೀನು ಅಥವಾ ಕಟ್ಟಡವಾದರೆ ನಿವಾಸಿ ವ್ಯಕ್ತಿಗಳೂ ಹಿಂದೂ ಅವಿಭಕ್ತ ಕುಟುಂಬಗಳೂ ಸೂಚ್ಯಂಕ ಸಹಿತ ಶೇ. 20ರ ಲೆಕ್ಕವನ್ನು ಹೋಲಿಸಿ, ಕಡಿಮೆಯಾದದ್ದನ್ನು ಕಟ್ಟಬಹುದು. ಪಾಲುದಾರಿಕೆ ಸಂಸ್ಥೆಗಳಿಗೂ ಕಂಪನಿಗಳಿಗೂ ಈ ಆಯ್ಕೆಯಿಲ್ಲ. ಆದ್ದರಿಂದ ಯಾರ ಹೆಸರಿನಲ್ಲಿ ಖರೀದಿಪತ್ರವಿದೆ ಎಂಬುದು ಮುಖ್ಯ.

3. ಪಟ್ಟಣದ ಮೇರೆಯಿಂದ ನಿಗದಿತ ಅಂತರದ ಆಚೆಗಿನ ಕೃಷಿ ಜಮೀನು ಬಂಡವಾಳ ಆಸ್ತಿಯಲ್ಲ, ಅದರ ಮಾರಾಟಕ್ಕೆ ಈ ತೆರಿಗೆ ಇಲ್ಲ. 2011ರಲ್ಲಿ ಸುಮಾರು 33 ಸಾವಿರ ಜನರಿದ್ದ ಬಸವನ ಬಾಗೇವಾಡಿಗೆ ಈ ಅಂತರ 2 ಕಿ.ಮೀ. ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ವಿಜಯಪುರಕ್ಕೆ 6 ಕಿ.ಮೀ. ಜಮೀನನ್ನು ಎನ್.ಎ. ಮಾಡಿಸಿದೊಡನೆ ಈ ವಿನಾಯಿತಿ ಹೋಗುತ್ತದೆ.

4. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಕೊಂಡು ಬೇಗನೆ ಮಾರುವವರ ಲಾಭಕ್ಕೆ ಇದು ನೇರ ಹೊಡೆತ.

ಲಾಭದ ದಾರಿಯೂ ಇದೆ

ಒಲೆಗಳು ತಲೆಗಳಿಗಿಂತ ವೇಗವಾಗಿ ಹೆಚ್ಚುತ್ತಿರುವುದು ಸಣ್ಣ ಕೈಗಾರಿಕೆಗಳಿಗೆ ಶುಭವಾರ್ತೆ. ಪ್ರತಿ ಹೊಸ ಕುಟುಂಬಕ್ಕೂ ಒಂದು ಬಾಗಿಲು, ಒಂದು ನೀರಿನ ಟಾಕಿ, ಒಂದು ಮಿಕ್ಸರ್, ಒಂದು ಕಪಾಟು ಬೇಕು. ಚಿಕ್ಕ ಮನೆಗೆ ಒಪ್ಪುವ ಅಳತೆಯ ಸಾಮಾನು, ಕಿಲೋ ಬದಲು ಅರ್ಧ ಕಿಲೋ ಪೊಟ್ಟಣ, ವೃದ್ಧರಿಗೆ ಅನುಕೂಲವಾದ ಸ್ನಾನಗೃಹದ ಹಿಡಿಕೆ, ಹಳೆಯ ಮನೆಗಳ ದುರಸ್ತಿ, ಇವೆಲ್ಲ ಬೆಳೆಯುವ ವ್ಯಾಪಾರಗಳು. ಪ್ಲಾಟಿನಲ್ಲಿ ಮಲಗಿಸುವ ಬಂಡವಾಳವನ್ನು ಇಲ್ಲಿ ತೊಡಗಿಸಿದರೆ ವರ್ಷಕ್ಕೆ ಮೂರು ನಾಲ್ಕು ಸಲ ತಿರುಗಿಸಬಹುದು.

ನಿವೇಶನ ಕೊಳ್ಳಲೇಬಾರದೆಂದು ನನ್ನ ವಾದವಲ್ಲ. ವಾಸಕ್ಕೆ, ಅಂಗಡಿಗೆ, ಗೋದಾಮಿಗೆ ಬೇಕಾದದ್ದನ್ನು ಸ್ವಂತ ಉಳಿತಾಯದಿಂದ ಧಾರಾಳವಾಗಿ ಕೊಳ್ಳಿರಿ. ಮಾರಾಟಕ್ಕೆಂದು ಕೊಳ್ಳುವುದಾದರೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿರಿ: ಇಲ್ಲಿ ಮನೆ ಕಟ್ಟುವವನ ದುಡಿಮೆ ಎಲ್ಲಿ? ಈ ಬಡಾವಣೆಯಲ್ಲಿ ಕಳೆದ ಐದು ವರ್ಷಗಳಲ್ಲಿ ಪ್ಲಾಟು ಎಷ್ಟು ಮಾರಾಟವಾದವು, ಮನೆ ಎಷ್ಟು ಎದ್ದವು? ಬೆಲೆಯ ವಾರ್ಷಿಕ ಏರಿಕೆ ನನ್ನ ಸಾಲದ ಬಡ್ಡಿಗಿಂತ ಹೆಚ್ಚಿದೆಯೇ? ನನ್ನ ಮಿತ್ರರ ಪ್ಲಾಟುಗಳ ಏರಿಕೆ ವರ್ಷಕ್ಕೆ ಶೇ. 4ರ ಆಸುಪಾಸು, ಬಡ್ಡಿ ಶೇ. 11.

2021ರಲ್ಲಿ ನಡೆಯಬೇಕಿದ್ದ ಜನಗಣತಿಯನ್ನು 2027ರ ಮಾರ್ಚ್ 1ರ ಆಧಾರದ ಮೇಲೆ ನಡೆಸಲು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. 2011ರ ಗಣತಿಯಲ್ಲಿ ದೇಶದಲ್ಲಿ 2.46 ಕೋಟಿ ಕಟ್ಟಡಗಳು ಖಾಲಿಯಿದ್ದವು. ಹೊಸ ಅಂಕಿಗಳು ಹೊರಬಂದಾಗ ವಾಚಕರು ಒಟ್ಟು ಜನಸಂಖ್ಯೆಯ ಶೀರ್ಷಿಕೆ ಓದಿ ನಿಲ್ಲದೆ, ತಮ್ಮ ಊರಿನ ಕುಟುಂಬಗಳೆಷ್ಟು, ಖಾಲಿ ಮನೆಗಳೆಷ್ಟು ಎಂಬ ಎರಡು ಸಾಲುಗಳನ್ನು ಹುಡುಕಿ ನೋಡಬೇಕೆಂದು ಕೋರುತ್ತೇನೆ. ನನ್ನ ಮಿತ್ರರಂತೂ ಮಾರಾಟದ ಹಣದಿಂದ ಸಾಲದ ಖಾತೆಯನ್ನು ಮಿತಿಯೊಳಗೆ ತಂದರು. ಮರುವರ್ಷದ ಸುಗ್ಗಿಯಲ್ಲಿ, ಬಹುಕಾಲದ ನಂತರ, ಅಂಗಳದ ತುಂಬ ತೊಗರಿ ಖರೀದಿಸಿದರು.