ಎರಡು ದೇಶ, ಎರಡು ಅಳತೆ: ‘ಕಾಂಟ್ರಾ ಹಾರ್ಡ್ ಕೋರ್’ ಕಾಠಿಣ್ಯದ ಹಿಂದಿನ ಕಥೆ

ವಿಡಿಯೊ ಗೇಮ್ ಆಡಿ ಬೆಳೆದ ತಲೆಮಾರಿಗೆ ‘ಕಾಂಟ್ರಾ’ ಹೆಸರು ಹೊಸದಲ್ಲ. ಜಪಾನಿನ ಕೊನಾಮಿ ಕಂಪೆನಿ 1987ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಿಗೆ ರೂಪಿಸಿದ ಈ ಆಟ, ಮರುವರ್ಷ ನಿಂಟೆಂಡೊ ಯಂತ್ರದ ಮೂಲಕ ಮನೆಯ ಟಿ.ವಿ.ಗೆ ಬಂತು. ತೊಂಬತ್ತರ ದಶಕದಲ್ಲಿ ಆ ಯಂತ್ರದ ಅಗ್ಗದ ನಕಲುಗಳೊಂದಿಗೆ ಕರ್ನಾಟಕದ ನಗರಗಳ ಮನೆಗಳನ್ನೂ ತಲುಪಿತು. ಆದರೆ ಇದೇ ಸರಣಿಯಲ್ಲಿ 1994ರಲ್ಲಿ ಬಂದ ‘ಕಾಂಟ್ರಾ: ಹಾರ್ಡ್ ಕೋರ್’ ಅಷ್ಟು ಅದೃಷ್ಟಶಾಲಿಯಾಗಲಿಲ್ಲ. ಅದನ್ನು ಬಲ್ಲವರು ಕಡಿಮೆ. ಬಲ್ಲವರಲ್ಲಿಯೂ ಹಲವರು ‘ವಿಪರೀತ ಕಷ್ಟದ ಆಟ’ ಎಂದು ಪಕ್ಕಕ್ಕಿಟ್ಟರು. ಈ ಅಪಖ್ಯಾತಿ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದು ಪರಿಶೀಲನೆಗೆ ಅರ್ಹವಾದ ಪ್ರಶ್ನೆ.

ಸೆಗಾ ಕಂಪೆನಿಯ ಯಂತ್ರಕ್ಕಾಗಿ ಸಿದ್ಧವಾದ ಮೊದಲ ಕಾಂಟ್ರಾ ಇದು. ಜಪಾನ್ ಮತ್ತು ಯುರೋಪಿನಲ್ಲಿ ‘ಮೆಗಾ ಡ್ರೈವ್’ ಎಂದೂ ಅಮೆರಿಕದಲ್ಲಿ ‘ಜೆನೆಸಿಸ್’ ಎಂದೂ ಹೆಸರಾಗಿದ್ದ ಆ 16 ಬಿಟ್ ಯಂತ್ರ ಆಗಲೇ ತನ್ನ ಸಂಜೆಗಾಲದಲ್ಲಿತ್ತು. ಅದೇ ವರ್ಷದ ಕೊನೆಯಲ್ಲಿ ಜಪಾನಿನಲ್ಲಿ ಸೆಗಾದ ‘ಸ್ಯಾಟರ್ನ್’ ಹಾಗೂ ಸೋನಿಯ ‘ಪ್ಲೇಸ್ಟೇಷನ್’ ಬಿಡುಗಡೆಯಾದವು. ಮೂರು ಆಯಾಮದ ದೃಶ್ಯಗಳ ಬೆರಗಿನ ಮುಂದೆ, ಬಲಕ್ಕೆ ಸರಿಯುವ ಪರದೆಯಲ್ಲಿ ಓಡುತ್ತಾ ಗುಂಡು ಹಾರಿಸುವ ಆಟಗಳು ಹಳತೆನಿಸತೊಡಗಿದವು.

ಆದರೂ ಆಟದೊಳಗಿನ ಸಾಮಗ್ರಿ ಸಾಮಾನ್ಯವಾದುದಲ್ಲ. ಇಲ್ಲಿ ನಾಲ್ವರು ನಾಯಕರು: ರೇ, ಶೀನಾ, ತೋಳಕ್ಕೆ ಬಂದೂಕು ಜೋಡಿಸಿಕೊಂಡ ತೋಳಮಾನವ ಫ್ಯಾಂಗ್ ಮತ್ತು ಪುಟ್ಟ ರೋಬೋ ಬ್ರೌನಿ. ಪ್ರತಿಯೊಬ್ಬರಿಗೂ ನಾಲ್ಕು ಬಗೆಯ ಆಯುಧ. ಗಿಡ್ಡ ದೇಹದ ಬ್ರೌನಿಗೆ ಗುಂಡು ತಗಲುವುದು ಕಡಿಮೆ; ಫ್ಯಾಂಗ್‌ನ ಕೆಲವು ಆಯುಧಗಳಿಗಾದರೋ ಶತ್ರುವಿನ ಸಮೀಪಕ್ಕೇ ಹೋಗಬೇಕು. ಮೊದಲ ಹಂತ ಮುಗಿದೊಡನೆ, ಓಡಿಹೋಗುವ ರೋಬೋವನ್ನು ಬೆನ್ನಟ್ಟಬೇಕೇ ಅಥವಾ ದಾಳಿಗೊಳಗಾದ ಸಂಶೋಧನಾ ಕೇಂದ್ರವನ್ನು ರಕ್ಷಿಸಬೇಕೇ ಎಂಬ ಆಯ್ಕೆ ಎದುರಾಗುತ್ತದೆ. ಮುಂದಿನ ಹಂತಗಳೂ ಕಥೆಯ ಅಂತ್ಯವೂ ಇಂಥ ಆಯ್ಕೆಗಳನ್ನು ಅನುಸರಿಸಿ ಬದಲಾಗುತ್ತವೆ. ಚಿತ್ರಗಳನ್ನು ತಿರುಗಿಸಿ ಹಿಗ್ಗಿಸುವ ವಿಶೇಷ ಸೌಲಭ್ಯ ಮೆಗಾ ಡ್ರೈವ್‌ನಲ್ಲಿರಲಿಲ್ಲ. ಹಾಗಿದ್ದೂ, ಬಿಡಿ ಬಿಡಿ ಭಾಗಗಳನ್ನು ಸಂಕಲೆಯಂತೆ ಪೋಣಿಸಿ ಚಲಿಸುವ ದೈತ್ಯ ಯಂತ್ರಗಳನ್ನು ತಯಾರಕರು ಪರದೆಯ ಮೇಲೆ ಮೂಡಿಸಿದರು.

ಕಾಠಿಣ್ಯದ ಮೂಲ ಇರುವುದು ಆಟದ ರಚನೆಯಲ್ಲಿ. ಸಾಮಾನ್ಯ ಆಟಗಳಲ್ಲಿ ಹಂತದ ಕೊನೆಗೊಬ್ಬ ಪ್ರಬಲ ಎದುರಾಳಿ ಇರುತ್ತಾನೆ. ಇಲ್ಲಿ ಒಂದೇ ಹಂತದಲ್ಲಿ ಅಂಥವರು ಸಾಲುಸಾಲಾಗಿ ಬರುತ್ತಾರೆ, ಹೊಡೆತ ತಿಂದಂತೆ ರೂಪ ಬದಲಿಸುತ್ತಾರೆ. ಪ್ರತಿಯೊಬ್ಬನ ದಾಳಿಗೂ ನಿಶ್ಚಿತ ಕ್ರಮವಿದೆ. ಅದನ್ನು ಗುರುತಿಸಿ, ಸರಿಯಾದ ಕ್ಷಣದಲ್ಲಿ ನೆಲದ ಮೇಲೆ ಜಾರಿದರೆ ಆ ಹೊತ್ತು ಯಾವ ಪೆಟ್ಟೂ ತಾಗದು. ಅರ್ಥಾತ್, ಇದು ಕೈಚಳಕಕ್ಕಿಂತ ಹೆಚ್ಚಾಗಿ ಕಲಿಕೆಯನ್ನು ಬೇಡುವ ಆಟ. ಕಲಿಯಬೇಕಾದರೆ ಎದುರಾಳಿಯನ್ನು ಸ್ವಲ್ಪ ಹೊತ್ತಾದರೂ ನೋಡುವ ಅವಕಾಶ ಬೇಕು.

ಜಪಾನಿನ ಆವೃತ್ತಿಯಲ್ಲಿ ಆ ಅವಕಾಶವಿತ್ತು. ಅಲ್ಲಿ ಒಂದು ಜೀವ ಹೋಗಬೇಕಾದರೆ ಮೂರು ಪೆಟ್ಟು ಬೀಳಬೇಕು. ಜೀವಗಳೆಲ್ಲ ಮುಗಿದರೆ ಎಷ್ಟು ಬಾರಿ ಬೇಕಾದರೂ ಮುಂದುವರಿಯಬಹುದು. ಅಮೆರಿಕ ಮತ್ತು ಯುರೋಪಿಗೆ ಕಳುಹಿಸಿದ ಪ್ರತಿಗಳಲ್ಲಿ ಒಂದೇ ಪೆಟ್ಟಿಗೆ ಸಾವು. ಮುಂದುವರಿಯುವ ಅವಕಾಶಗಳಿಗೂ ಮಿತಿ. ಎದುರಾಳಿಗಳು ಮಾತ್ರ ಅವರೇ. ಮೂರು ಪೆಟ್ಟಿನ ಅಳತೆಗೆ ಹೊಂದಿಕೊಂಡಿದ್ದ ಕಾಳಗವನ್ನು ಒಂದೇ ಪೆಟ್ಟಿನಲ್ಲಿ ಗೆಲ್ಲಬೇಕಾದ ಸ್ಥಿತಿ ಪಾಶ್ಚಾತ್ಯ ಆಟಗಾರನದಾಯಿತು. ದಾಳಿಯ ಕ್ರಮ ಅರಿವಾಗುವ ಮೊದಲೇ ಆಟ ಮುಗಿಯುತ್ತಿತ್ತು.

ಹೀಗೇಕೆ? ವಿಮರ್ಶಕರು ಸಾಮಾನ್ಯವಾಗಿ ಬೆರಳು ತೋರುವುದು ಬಾಡಿಗೆ ಅಂಗಡಿಗಳತ್ತ. ಜಪಾನಿನಲ್ಲಿ ಹಕ್ಕುದಾರರ ಅನುಮತಿಯಿಲ್ಲದೆ ವಿಡಿಯೊ ಗೇಮ್‌ಗಳನ್ನು ಬಾಡಿಗೆಗೆ ಕೊಡಲು ಕಾನೂನು ಬಿಡುವುದಿಲ್ಲ. ಅಮೆರಿಕದಲ್ಲಿ 1990ರ ಕಾಯಿದೆಯೊಂದು ಕಂಪ್ಯೂಟರ್ ತಂತ್ರಾಂಶಗಳ ಬಾಡಿಗೆ ವ್ಯವಹಾರವನ್ನು ನಿರ್ಬಂಧಿಸಿತಾದರೂ ವಿಡಿಯೊ ಗೇಮ್ ಕಾರ್ಟ್ರಿಜ್‌ಗಳನ್ನು ಅದರಿಂದ ಹೊರಗಿಟ್ಟಿತು. ಶುಕ್ರವಾರ ತಂದ ಆಟವನ್ನು ಭಾನುವಾರದೊಳಗೆ ಮುಗಿಸಿದ ಹುಡುಗ ಅದನ್ನು ಕೊಳ್ಳುವ ಅಗತ್ಯವಾದರೂ ಏನು? ಹಾಗಾಗಿ ಎರಡೇ ದಿನಗಳಲ್ಲಿ ಮುಗಿಯದಂತೆ ಆಟಗಳನ್ನು ಬಿಗಿಗೊಳಿಸುವ ರೂಢಿ ಆ ಕಾಲದ ಹಲವು ಆಟಗಳಲ್ಲಿ ಕಾಣುತ್ತದೆ. ಯುರೋಪಿನ ಆವೃತ್ತಿಯಲ್ಲಿ ಮತ್ತೊಂದು ಬದಲಾವಣೆಯೂ ನಡೆಯಿತು. ಹಿಂಸೆಯ ಚಿತ್ರಣದ ಬಗೆಗೆ ಜರ್ಮನಿಯಲ್ಲಿದ್ದ ಕಟ್ಟುನಿಟ್ಟಿನ ಕಾರಣ ಮಾನವ ನಾಯಕರ ಬದಲು ರೋಬೋಗಳು ಬಂದವು, ಆಟದ ಹೆಸರು ‘ಪ್ರೊಬೊಟೆಕ್ಟರ್’ ಎಂದಾಯಿತು.

ಇಂಗ್ಲಿಷ್ ಬಲ್ಲ ಜಗತ್ತು ಈ ಆಟದ ಮೇಲೆ ನೀಡಿದ ತೀರ್ಪು, ಹೀಗೆ ಬಿಗಿಗೊಂಡ ಪ್ರತಿಯನ್ನು ಆಧರಿಸಿದ್ದು. ಪುಸ್ತಕವೊಂದರ ಪರಿಷ್ಕೃತ ಮುದ್ರಣವನ್ನು ಮಾತ್ರ ಓದಿ ಮೂಲ ಲೇಖಕನನ್ನು ಅಳೆದಂತೆ ಇದು. ಕೊನಾಮಿ 2019ರಲ್ಲಿ ಹೊರತಂದ ‘ಕಾಂಟ್ರಾ ಆನಿವರ್ಸರಿ ಕಲೆಕ್ಷನ್’ನಲ್ಲಿ ಈ ಆಟ ಸೇರಿತು, ಅನಂತರದ ಉಚಿತ ಪರಿಷ್ಕರಣೆಯ ಮೂಲಕ ಜಪಾನಿ ಆವೃತ್ತಿಗಳೂ ಅದರೊಳಗೆ ಬಂದವು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಆಡಿದರೆ ವ್ಯತ್ಯಾಸ ಸ್ವಯಂವೇದ್ಯ. ಜಪಾನಿ ಆವೃತ್ತಿ ಸುಲಭವೇನಲ್ಲ. ಆದರೆ ಅಲ್ಲಿ ಸೋತವನಿಗೆ ತಾನು ಎಲ್ಲಿ ತಪ್ಪಿದೆನೆಂದು ತಿಳಿಯುತ್ತದೆ, ಮುಂದಿನ ಸಲ ಅದೇ ತಪ್ಪಾಗುವುದಿಲ್ಲ.

ಹಳೆಯ ಆಟಗಳ ಕಾಠಿಣ್ಯವನ್ನು ಆ ಕಾಲದ ಆಟಗಾರರ ಶೌರ್ಯವೆಂದು ಕೊಂಡಾಡುವವರಿದ್ದಾರೆ, ಕ್ರೌರ್ಯವೆಂದು ಹಳಿಯುವವರೂ ಇದ್ದಾರೆ. ‘ಹಾರ್ಡ್ ಕೋರ್’ ಪ್ರಸಂಗ ಇಬ್ಬರನ್ನೂ ಎಚ್ಚರಿಸುತ್ತದೆ. ಕಲೆಯ ಅಗತ್ಯದಿಂದ ಹುಟ್ಟಿದ ಕಷ್ಟ ಬೇರೆ, ಮಾರುಕಟ್ಟೆ ಮೇಲಿಂದ ಹೇರಿದ ಕಷ್ಟ ಬೇರೆ. ಮೊದಲನೆಯದನ್ನು ಕಂಡುಕೊಳ್ಳಲು ಎರಡನೆಯದನ್ನು ಕಳಚಿ ನೋಡಬೇಕಷ್ಟೆ. ಕಳಚಿ ನೋಡಿದವರಿಗೆ ಸಿಗುವುದು, 16 ಬಿಟ್ ಯುಗದ ಅತ್ಯಂತ ಕಲ್ಪಕವಾದ ಆಟಗಳಲ್ಲೊಂದು.