ಒಂದು ಇನ್‌ಲೈನ್ ಪುರಾಣ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕಾರಣ, ಆಫೀಸಿನ ಒಂದು ಪುಟ್ಟ ಡಬ್ಬಿ.

ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ನನ್ನದು ಮೈಕ್ರೋಕಂಟ್ರೋಲರ್‌ಗೆ ಸಿ ಪ್ರೋಗ್ರಾಮ್ ಬರೆಯೋ ಕೆಲಸ. ಡಬ್ಬಿ ನಿಧಾನ ಅಂತ ದೂರು ಬಂತು. ಶುಕ್ರವಾರ ಸಂಜೆ ಜಿಸಿಸಿ ಕಂಪೈಲರಿನ ಸೆಟ್ಟಿಂಗನ್ನ -ಓಎಸ್ ಇಂದ -ಓ3ಗೆ ಬದಲಾಯಿಸಿ, ಜಂಬದಿಂದ ಮನೆಗೆ ಹೋದೆ. ಮೊದಲನೆಯದು ಕೋಡನ್ನ ಚಿಕ್ಕದಾಗಿಡುತ್ತೆ, ಎರಡನೆಯದು ವೇಗದ ಹಿಂದೆ ಬೀಳುತ್ತೆ. ಸೋಮವಾರ ಬಂದು ನೋಡಿದ್ರೆ ಡಬ್ಬಿ ತಾನಾಗೇ ರೀಸೆಟ್ ಆಗ್ತಾ ಕೂತಿದೆ. ಬುಧವಾರ ಗ್ರಾಹಕರಿಗೆ ಡೆಮೊ ಬೇರೆ!

ಒಂದು ಫಂಕ್ಷನ್ ಇನ್ನೊಂದನ್ನ ಕರೆದಾಗ ಅಲ್ಲಿಗೆ ಹೋಗಿ ವಾಪಸ್ ಬರೋ ಖರ್ಚು ಇರುತ್ತೆ. ಅದನ್ನ ಉಳಿಸೋಕೆ ಕಂಪೈಲರ್, ಕರೆಯೋ ಜಾಗದಲ್ಲೇ ಆ ಫಂಕ್ಷನ್ನಿನ ಕೋಡನ್ನ ತಂದು ಕೂರಿಸುತ್ತೆ. ಇದೇ ಇನ್‌ಲೈನಿಂಗ್. -ಓ3ನಲ್ಲಿ ಇದು ಧಾರಾಳ.

ನಮ್ಮಲ್ಲಿ ದೋಷ ವರದಿ ಮಾಡೋ ಫಂಕ್ಷನ್ ಒಂದಿತ್ತು. ಕೋಡು ನಾಲ್ಕೇ ಸಾಲು, ಆದ್ರೆ ಸಂದೇಶ ಬರೆಯೋಕೆ ಒಳಗೆ 512 ಬೈಟಿನ ಅರೇ. ತನ್ನನ್ನ ತಾನೇ ಕರೆದುಕೊಳ್ಳೋ ಒಂದು ರಿಕರ್ಸಿವ್ ಫಂಕ್ಷನ್ ಇದನ್ನ ಬಳಸ್ತಿತ್ತು. ಮೊದಲೆಲ್ಲ ದೋಷ ಬಂದಾಗ ಮಾತ್ರ ಸ್ಟ್ಯಾಕ್‌ನಲ್ಲಿ ಆ 512 ಬೈಟು ಹಿಡೀತಿತ್ತು. ಇನ್‌ಲೈನ್ ಆದಮೇಲೆ ದೋಷ ಇರಲಿ ಬಿಡಲಿ, ಪ್ರತಿ ಹಂತಕ್ಕೂ 512. ನಾಲ್ಕು ಹಂತಕ್ಕೆ 2048. ಆ ಟಾಸ್ಕಿಗೆ ಕೊಟ್ಟಿದ್ದ ಸ್ಟ್ಯಾಕೇ 2 ಕೆಬಿ! ವರ್ಷಕ್ಕೊಮ್ಮೆ ಬರೋ ನೆಂಟರಿಗೆ ಅಂತ ಮನೆಯ ಎಲ್ಲಾ ಕೋಣೇಲೂ ದಿನಾ ಹಾಸಿಗೆ ಹಾಸಿಟ್ಟ ಹಾಗಾಯ್ತು.

ಮಂಗಳವಾರ ರಾತ್ರಿವರೆಗೂ ನಾನು ನನ್ನ ಲಾಜಿಕ್ಕಲ್ಲೇ ತಪ್ಪು ಹುಡುಕ್ತಾ ಇದ್ದೆ. ಕೊನೆಗೆ ಟೀಮಿನ ಹಿರಿಯರೊಬ್ಬರು, "ಯಾವ ಫಂಕ್ಷನ್ ಎಷ್ಟು ಸ್ಟ್ಯಾಕ್ ತಿಂತಿದೆ, ನೋಡಿದ್ಯಾ?" ಅಂದ್ರು. -ಎಫ್‌ಸ್ಟ್ಯಾಕ್-ಯೂಸೇಜ್ ಅಂತ ಕೊಟ್ಟರೆ ಜಿಸಿಸಿನೇ ಪ್ರತಿ ಫಂಕ್ಷನ್ನಿನ ಲೆಕ್ಕ ಬರೆದುಕೊಡುತ್ತೆ. ನೋಡಿದ ತಕ್ಷಣ ಮುಖಕ್ಕೆ ಹೊಡೆದ ಹಾಗೆ ಕಾಣಿಸ್ತು.

ಪರಿಹಾರ ಒಂದೇ ಪದ. ಆ ಫಂಕ್ಷನ್ನಿಗೆ 'ನೋಇನ್‌ಲೈನ್' ಅನ್ನೋ ಆಟ್ರಿಬ್ಯೂಟ್ ಹಚ್ಚಿದೆ. -ಓ3 ಹಾಗೇ ಉಳೀತು, ಡೆಮೊನೂ ನಡೀತು. ಲಿನಕ್ಸ್ ಕರ್ನಲ್‌ನಲ್ಲಿ ಇಂಥದ್ದಕ್ಕೇ 'ನೋಇನ್‌ಲೈನ್ ಫಾರ್ ಸ್ಟ್ಯಾಕ್' ಅಂತ ಒಂದು ಮ್ಯಾಕ್ರೋ ಇದೆ ಅಂತ ಆಮೇಲೆ ಗೊತ್ತಾಯ್ತು. ಅಂದ್ರೆ ಈ ಗುಂಡಿಗೆ ಬಿದ್ದವನು ನಾನೊಬ್ಬನೇ ಅಲ್ಲ!

ಇನ್ನೊಂದು ವಿಷಯ. ಸಿ ಭಾಷೆಯ 'ಇನ್‌ಲೈನ್' ಪದ ಬರೀ ಸಲಹೆ, ಕಂಪೈಲರ್ ಕೇಳಲೇಬೇಕು ಅಂತಿಲ್ಲ. ಸೆಟ್ಟಿಂಗ್ ಮುಟ್ಟದಿದ್ರೂ ಕಂಪೈಲರ್ ಬದಲಾದ್ರೆ ಸಾಕು: 2020ರ ಜಿಸಿಸಿ 10ರಿಂದ -ಓ2 ಕೂಡ ಮೊದಲಿಗಿಂತ ಹೆಚ್ಚು ಇನ್‌ಲೈನ್ ಮಾಡುತ್ತೆ. ಯಾವ ದಾರಿ ಅಪರೂಪಕ್ಕೆ ತುಳಿಯೋದು ಅನ್ನೋದು ನಮಗೆ ಗೊತ್ತು, ಕಂಪೈಲರ್‌ಗೆ ಬರೀ ಊಹೆ. ಗೊತ್ತಿರೋದನ್ನ ಹೇಳಿಬಿಡೋದೇ ವಾಸಿ.

ಮತ್ತೆ, ಶುಕ್ರವಾರ ಸಂಜೆ ಸೆಟ್ಟಿಂಗ್ ಮುಟ್ಟಬೇಡಿ :-)