ಗ್ರಾಫಿಂಗ್ ಕ್ಯಾಲ್ಕುಲೇಟರ್: ಯಾವುದು ಮೇಲು ಎನ್ನುವ ಮೊದಲು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಮನೆಗಳಲ್ಲಿ ಮಕ್ಕಳು ಹೈಸ್ಕೂಲಿಗೆ ಬಂದರೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂಬ ಹೊಸ ಖರ್ಚು ಎದುರಾಗುತ್ತದೆ. ಬೆಂಗಳೂರಿನಲ್ಲಿ ಐಬಿ ಡಿಪ್ಲೊಮಾ ಓದುವವರಿಗೂ ಇದು ಬೇಕು. ಉಳಿದಂತೆ ನಮ್ಮ ಸಿಇಟಿ, ಜೆಇಇಗಳಲ್ಲಿ ಸಾದಾ ಕ್ಯಾಲ್ಕುಲೇಟರ್‌ಗೂ ಜಾಗವಿಲ್ಲ. ಗೇಟ್‌ನಲ್ಲಿ ಕಂಪ್ಯೂಟರ್ ಪರದೆಯ ಮೇಲೇ ಒಂದನ್ನು ಕೊಟ್ಟುಬಿಡುತ್ತಾರೆ. ಹೀಗಾಗಿ ಯಂತ್ರವನ್ನು ಕೈಯಲ್ಲಿ ಹಿಡಿದವರು ಕಡಿಮೆ, ಅದರ ಬಗ್ಗೆ ಸಲಹೆ ಕೊಡುವವರು ಜಾಸ್ತಿ. ಆ ಸಲಹೆಗಳಲ್ಲಿ ಕೆಲವನ್ನು ಒರೆಗೆ ಹಚ್ಚೋಣ.

“ದುಡ್ಡು ಹೆಚ್ಚು ಹಾಕಿದಷ್ಟೂ ಒಳ್ಳೆಯ ಮಾಡೆಲ್”

2013ರಲ್ಲಿ ಬಂದ ಎಚ್‌ಪಿ ಪ್ರೈಮ್‌ನ ಚಿಪ್ 400 ಮೆಗಾಹರ್ಟ್ಸ್‌ನದು. ಎರಡು ವರ್ಷ ತಡವಾಗಿ ಬಂದ ಟಿಐ-84 ಪ್ಲಸ್ ಸಿಇ ಓಡುವುದು 48 ಮೆಗಾಹರ್ಟ್ಸ್‌ನಲ್ಲಿ. ಅದರ ಚಿಪ್ಪೂ 1976ರ ಝಿಲಾಗ್ ಝಡ್80ರ ವಂಶದ್ದೇ. ಆದರೂ ಅಮೆರಿಕದ ತರಗತಿಗಳಲ್ಲಿ ಎಲ್ಲೆಲ್ಲೂ ಕಾಣುವುದು ಟಿಐ ಕಂಪನಿಯದೇ ಯಂತ್ರ. ಅಲ್ಲಿನ ಎಷ್ಟೋ ಪಠ್ಯಪುಸ್ತಕಗಳು ಅದರ ಗುಂಡಿಗಳ ಹೆಸರು ಹಿಡಿದೇ ಪಾಠ ಹೇಳುತ್ತವೆ, ಮೇಷ್ಟರುಗಳ ಕೈಗೂ ಅದೇ ರೂಢಿ. ಇನ್ನು ಪ್ರೈಮ್ ಅನ್ನು ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸಿಟಿಗೆ ಒಯ್ಯುವಂತೆಯೇ ಇಲ್ಲ.

ಕಾರಣ ಅದರ ಜಾಣತನ. ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರು ಎಂದು ಕೊಟ್ಟರೆ ಅಕ್ಷರಗಳಲ್ಲೇ ಬೀಜಗಣಿತ ಮಾಡಿ, ಅಪವರ್ತನಗಳನ್ನು ಬಿಡಿಸಿ ತೋರಿಸುತ್ತದೆ. 1998ರ ಟಿಐ-89 ಕೂಡ ಇದೇ ಜಾತಿ, ಎಸಿಟಿಯಲ್ಲಿ ಅದಕ್ಕೂ ನಿಷೇಧ. ಅಂಥದೇ ಇನ್ನೊಂದು ಪರೀಕ್ಷೆಯಾದ ಸ್ಯಾಟ್‌ನಲ್ಲಿ ಮಾತ್ರ ಟಿಐ-89ಕ್ಕೆ ಬಹುಕಾಲ ಅವಕಾಶವಿತ್ತು. ಹೆಚ್ಚುಕಡಿಮೆ ಅದೇ ಗಣಿತ ಮಾಡುವ ಟಿಐ-92ಕ್ಕೆ ಇರಲಿಲ್ಲ. ಟೈಪ್‌ರೈಟರ್ ಮಾದರಿಯ ಕೀಲಿಮಣೆ ಇತ್ತೆಂಬುದೇ ಅದರ ಅಪರಾಧ. ಯಾವ ಮಾಡೆಲ್ ಮೇಲು ಅನ್ನುವುದನ್ನು ತೀರ್ಮಾನಿಸುವುದು ಚಿಪ್ ಅಲ್ಲ, ಪರೀಕ್ಷಾ ಮಂಡಳಿ. ಕೊಳ್ಳುವ ಮುನ್ನ ಆ ವರ್ಷದ ಅನುಮತಿ ಪಟ್ಟಿ ನೋಡದವರು ಅಂಗಡಿಯವನ ಮಾತು ನಂಬಿ ಕೈಸುಟ್ಟುಕೊಳ್ಳುತ್ತಾರೆ.

“ಪರದೆ ತೋರಿಸಿದ್ದೇ ಗ್ರಾಫ್”

ಇದು ನಿಜಕ್ಕೂ ಅಪಾಯದ ನಂಬಿಕೆ. ಹಳೆಯ ಕಪ್ಪು-ಬಿಳುಪು ಟಿಐ-84 ಪ್ಲಸ್ ಸಿಕ್ಕರೆ ಹೀಗೆ ಮಾಡಿ: ಕೋನದ ಅಳತೆಯನ್ನು ರೇಡಿಯನ್‌ಗೆ ಇಟ್ಟು, ಎಕ್ಸ್‌ನ ವ್ಯಾಪ್ತಿಯನ್ನು ಸೊನ್ನೆಯಿಂದ ಎರಡು ಪೈವರೆಗೆ ಕೊಟ್ಟು, ‘ಸೈನ್ 95ಎಕ್ಸ್’ನ ಗ್ರಾಫ್ ಬರೆಸಿ. ತೊಂಬತ್ತೈದು ಅಲೆಗಳು ಒತ್ತೊತ್ತಾಗಿ ಬರಬೇಕು. ಬರುವುದು ಒಂದೇ ಒಂದು, ಸಾವಕಾಶವಾಗಿ ಏರಿ ಇಳಿಯುವ ಅಲೆ. ಸಾದಾ ‘ಸೈನ್ ಎಕ್ಸ್’ ಅನ್ನು ಅದರ ಮೇಲೆ ಬರೆಸಿದರೆ ಎರಡೂ ಗೆರೆ ಒಂದರ ಮೇಲೊಂದು ಕೂರುತ್ತವೆ!

ಯಂತ್ರ ಕೆಟ್ಟಿಲ್ಲ. ಅದು ಗ್ರಾಫ್ ಬರೆಯಲು ಬಳಸುವುದು ಅಡ್ಡಲಾಗಿ 95 ಚುಕ್ಕೆ, ಅಂದರೆ ನಡುವೆ 94 ಹೆಜ್ಜೆ. ಪ್ರತಿ ಚುಕ್ಕೆಯಲ್ಲಿ ಒಮ್ಮೆ ಬೆಲೆ ಲೆಕ್ಕ ಹಾಕಿ, ನಡುವೆ ಏನಾಯಿತೆಂದು ನೋಡದೆ ಗೆರೆ ಎಳೆಯುತ್ತದೆ. ಒಂದು ಹೆಜ್ಜೆ ಮುಗಿಯುವಷ್ಟರಲ್ಲಿ ಅಲೆ ಒಂದು ಪೂರ್ತಿ ಸುತ್ತು ಮುಗಿಸಿ, ಸುತ್ತಿನ 94ನೇ ಒಂದು ಭಾಗದಷ್ಟು ಮುಂದೆ ಬಂದಿರುತ್ತದೆ. ಆ ಚೂರು ಮಾತ್ರ ಯಂತ್ರಕ್ಕೆ ಕಾಣುತ್ತದೆ. ಸಿನಿಮಾದಲ್ಲಿ ಜೋರಾಗಿ ಓಡುವ ಗಾಡಿಯ ಚಕ್ರ ನಿಧಾನಕ್ಕೆ ತಿರುಗಿದಂತೆ ಕಾಣುವುದಕ್ಕೂ ಇದೇ ಕಾರಣ. ಬಣ್ಣದ ಪರದೆಯ ಸಿಇ ಮಾಡೆಲ್‌ನಲ್ಲಿ ಗ್ರಾಫ್‌ಗೆ ಸಿಗುವುದು 265 ಚುಕ್ಕೆ. ಅಲ್ಲಿ 95ರ ಬದಲು 265 ಹಾಕಿದರೆ ಅದೇ ಕಣ್ಕಟ್ಟು. ಹೆಚ್ಚು ಚುಕ್ಕೆಯ ಪರದೆ ಕೊಂಡರೆ ತಪ್ಪು ಮುಂದಕ್ಕೆ ಹೋಗುತ್ತದೆ, ಮಾಯವಾಗುವುದಿಲ್ಲ. ಟ್ಯಾನ್ ಗ್ರಾಫಿನಲ್ಲಿ 90 ಡಿಗ್ರಿಯ ಬಳಿ ಹಳೆಯ ಯಂತ್ರಗಳು ಎಳೆಯುವ ನೆಟ್ಟನೆಯ ಗೆರೆಯೂ ಹೀಗೇ ಹುಟ್ಟಿದ್ದು; ಅದನ್ನು ಗ್ರಾಫಿನ ಭಾಗವೆಂದು ಉತ್ತರಪತ್ರಿಕೆಗೆ ಇಳಿಸಿದವರಿಗೆ ಅಂಕ ಹೋಗುತ್ತದೆ.

“ಯಾವ ಮಾಡೆಲ್ ಆದರೇನು, ಉತ್ತರ ಒಂದೇ”

ಒಂದೇ ಕಂಪನಿಯೊಳಗೂ ಅಲ್ಲ. ಎಕ್ಸ್‌ಗೆ 4 ಎಂದು ಕೊಟ್ಟು, 1/2ಎಕ್ಸ್ ಎಂದು ಒತ್ತಿ. 1993ರ ಟಿಐ-82 ಹೇಳುವುದು 0.125, ಮೂರು ವರ್ಷದ ನಂತರದ ಟಿಐ-83 ಹೇಳುವುದು 2. ಗುಣಾಕಾರದ ಚಿಹ್ನೆ ಬಿಟ್ಟು ಬರೆದ 2ಎಕ್ಸ್ ಅನ್ನು ಮೊದಲನೆಯದು ಒಂದೇ ಗಂಟಾಗಿ ನೋಡುತ್ತದೆ, ಎರಡನೆಯದು ಎಡದಿಂದ ಬಲಕ್ಕೆ ಸಾಗುತ್ತದೆ. ಮಾಡೆಲ್ ಬದಲಿಸಿದವರು ಆವರಣ ಹಾಕುವ ಅಭ್ಯಾಸ ಮಾಡಿಕೊಳ್ಳುವುದೇ ಉಪಾಯ.

“ಪೈಥಾನ್ ಇದ್ದರೆ ಕಂಪ್ಯೂಟರ್ ಇದ್ದಂತೆ”

ಇಲ್ಲ. ನಮ್‌ವರ್ಕ್ಸ್, ಕ್ಯಾಸಿಯೊ ಎಫ್‌ಎಕ್ಸ್-ಸಿಜಿ50, ಟಿಐ-84 ಪ್ಲಸ್ ಸಿಇ ಪೈಥಾನ್, ಮೂರರಲ್ಲೂ ಇರುವುದು ಸಣ್ಣ ಸಾಧನಗಳಿಗೆಂದು ಇಳಿಸಿದ ಪೈಥಾನ್. ಟಿಐಯಲ್ಲಂತೂ ಮುಖ್ಯ ಚಿಪ್‌ಗೆ ಅದು ಹೊರೆಯಾಗಿ, ಪಕ್ಕದಲ್ಲೊಂದು ಎಆರ್‌ಎಂ ಚಿಪ್ ಕೂರಿಸಿದ್ದಾರೆ. ಲೂಪ್, ಫಂಕ್ಷನ್ ಕಲಿಯಲು ಧಾರಾಳ ಸಾಕು. ಇದಕ್ಕೆಂದೇ ದುಡ್ಡು ಸುರಿಯುವುದು ನನಗೆ ಸರಿಕಾಣದು. ಮನೆಯ ಹಳೇ ಲ್ಯಾಪ್‌ಟಾಪ್ ಇದಕ್ಕಿಂತ ವಾಸಿ.

“ಆಟ ಎಂದರೆ ಕದ್ದು ತುಂಬಿದ್ದು”

ಅರ್ಧ ನಿಜ. 1992ರ ಟಿಐ-85ರಲ್ಲಿ ಅಸೆಂಬ್ಲಿ (ಚಿಪ್‌ಗೆ ನೇರ ಆಜ್ಞೆ ಕೊಡುವ ಭಾಷೆ) ಪ್ರೋಗ್ರಾಂ ಓಡಿಸಲು ಕಂಪನಿ ದಾರಿಯನ್ನೇ ಇಟ್ಟಿರಲಿಲ್ಲ. ಹವ್ಯಾಸಿಗಳು ಮೆಮೊರಿಯ ಬ್ಯಾಕಪ್ ಫೈಲನ್ನು ತಿದ್ದಿ, ಕೇಬಲ್ ಮೂಲಕ ವಾಪಸು ತುಂಬಿ ಒಳಹೊಕ್ಕರು. ಅಂಥ ಪ್ರೋಗ್ರಾಂ ಓಡಿಸುವ ಝಡ್‌ಶೆಲ್ ಹುಟ್ಟಿದ್ದು ಹಾಗೆ. ಟಿಐನ ಬೇಸಿಕ್ ಭಾಷೆಯಲ್ಲಿ ತೆವಳುತ್ತಿದ್ದ ಆಟಗಳು ಅಸೆಂಬ್ಲಿಯಲ್ಲಿ ಓಡತೊಡಗಿದವು. ಕಂಪನಿ ಆಮೇಲೆ ತಾನೇ ಬಾಗಿಲು ತೆರೆಯಿತು: ಟಿಐ-86ರಲ್ಲಿ ಅಸೆಂಬ್ಲಿಗೆಂದೇ ಆಜ್ಞೆ ಬಂತು, ಟಿಐ-83 ಪ್ಲಸ್ ಬಳಕೆದಾರರಿಗೆ ಬ್ಲಾಕ್ ಡ್ಯೂಡ್ ಎಂಬ ಆಟವಿದ್ದ ಪಜಲ್ ಪ್ಯಾಕ್ ಅನ್ನು ಕೊಟ್ಟಿದ್ದು ಕಂಪನಿಯೇ.

ಆದರೆ ಈ ಸ್ನೇಹ ಉಳಿಯಲಿಲ್ಲ. 2009ರಲ್ಲಿ ಬೆಂಜಮಿನ್ ಮೂಡಿ ಎಂಬ ಹವ್ಯಾಸಿ ಟಿಐ-83 ಪ್ಲಸ್‌ನ ತಂತ್ರಾಂಶಕ್ಕೆ ಕಂಪನಿ ಒತ್ತುತ್ತಿದ್ದ 512 ಬಿಟ್‌ನ ಡಿಜಿಟಲ್ ಮುದ್ರೆಯ ಗುಟ್ಟನ್ನು ತಿಂಗಳುಗಟ್ಟಲೆ ಕಂಪ್ಯೂಟರ್ ಓಡಿಸಿ ಬಿಡಿಸಿದ. ಅದನ್ನು ಪ್ರಕಟಿಸಿದವರಿಗೆ ಕಂಪನಿ ಕಾನೂನು ನೋಟಿಸ್ ಕಳಿಸಿತು. ಅವರ ಪರವಾಗಿ ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ನಿಂತಿತು. 2020ರಲ್ಲಿ ಸಿಇ ಮಾಡೆಲ್‌ಗಳ ಹೊಸ ತಂತ್ರಾಂಶದಿಂದ ಅಸೆಂಬ್ಲಿಯನ್ನೇ ಕಿತ್ತುಹಾಕಿದರು. ಕೊಟ್ಟ ಕಾರಣ ಮತ್ತೆ ಪರೀಕ್ಷೆಯ ಭದ್ರತೆ. ಹವ್ಯಾಸಿಗಳು ಆರ್ಟಿಫೈಸ್ ಎಂಬ ಕಳ್ಳದಾರಿ ಕಂಡುಕೊಂಡರೆನ್ನಿ.

ಆಟಕ್ಕೆಂದೇ ಸೆಕೆಂಡ್ ಹ್ಯಾಂಡ್ ಸಿಇ ಕೊಳ್ಳುವವರು ಬಣ್ಣ, ಬ್ಯಾಟರಿ ನೋಡುವ ಮೊದಲು ಒಳಗಿನ ತಂತ್ರಾಂಶದ ಆವೃತ್ತಿ ಯಾವುದೆಂದು ಕೇಳಲಿ. ಹೊಸದನ್ನು ಒಮ್ಮೆ ತುಂಬಿದ ಯಂತ್ರವನ್ನು ಹಳೆಯದಕ್ಕೆ ಸಲೀಸಾಗಿ ಮರಳಿಸಲು ಕಂಪನಿ ಬಿಡುವುದಿಲ್ಲ.